ಕಡ್ಡಾಯವಾಗಿ ಓದಿಸುವ ಕಥೆ, ಕಾವ್ಯ: ಮಕ್ಕಳು ನಿಜವಾಗಿ ಓದ್ತಾರಾ?

ತುಮಕೂರಿನ ಅಮ್ಮ

ಎಲ್ಲರಿಗೂ ನಮಸ್ಕಾರ. ಮಗಳು ಸೆಕೆಂಡ್ ಪಿಯು, ಸೈನ್ಸ್. ಕನ್ನಡಕ್ಕೆ ಪೂರ್ಣಚಂದ್ರ ತೇಜಸ್ವಿಯವರ 'ಕೃಷ್ಣೇಗೌಡನ ಆನೆ' ಇದೆ ಅಂತ ಗೊತ್ತಾದಾಗ ಅವಳಿಗಿಂತ ಜಾಸ್ತಿ ಖುಷಿಪಟ್ಟವಳು ನಾನು. ಕಾಲೇಜಿನ ದಿನಗಳಲ್ಲಿ 'ಕಿರಗೂರಿನ ಗಯ್ಯಾಳಿಗಳು' ಪುಸ್ತಕದಲ್ಲಿ ಅದನ್ನು ಓದಿ ಹೊಟ್ಟೆ ಹುಣ್ಣಾಗುವಷ್ಟು ನಕ್ಕಿದ್ದೆ. ಮೊನ್ನೆ ಸುಮ್ನೆ ಕೇಳಿದೆ, ಕಥೆ ಎಲ್ಲಿವರೆಗೆ ಬಂತು ಅಂತ. ಅವಳು ಓದೇ ಇಲ್ಲ! ಕೈಯಲ್ಲಿರೋದು ಟ್ಯೂಷನ್‌ನಲ್ಲಿ ಕೊಟ್ಟ ಜೆರಾಕ್ಸ್ ಹಾಳೆ. ಆನೆಯ ಹೆಸರೇನು, ಗೌರಿ. ಮಾವುತನ ಹೆಸರೇನು, ವೇಲಾಯುಧ. ಲೈನ್‌ಮನ್ ಯಾರು, ತಿಪ್ಪಣ್ಣ. ಹೀಗೇ ಉದ್ದಕ್ಕೆ. ಬಸ್ಸಿನಲ್ಲಿ ಹೋಗ್ತಾ ಬರ್ತಾ ಬಾಯಿಪಾಠ ಮಾಡಿದ್ದಾಳೆ. "ಅಮ್ಮ, ಕನ್ನಡಕ್ಕೆ ಇಷ್ಟು ಸಾಕು, ನನಗೆ ಸಿಇಟಿ ಇದೆ" ಅಂತಾಳೆ.

ಅವಳ ಮೇಲೆ ನನಗೆ ಸಿಟ್ಟಿಲ್ಲ. ಅವಳ ಟೈಮ್‌ಟೇಬಲ್ ನೋಡಿದರೆ ನನಗೇ ಪಾಪ ಅನಿಸುತ್ತೆ. ಆದರೆ ಒಂದು ಅನುಮಾನ. ಕಡ್ಡಾಯ ಮಾಡದಿದ್ದರೆ ಇವರು ಓದುವುದಿಲ್ಲ ಅಂತಲೇ ತಾನೇ ಪಠ್ಯಕ್ಕೆ ಹಾಕೋದು? ಹಾಕಿದ ಮೇಲೂ ಓದದೆ ಪಾಸಾಗಬಹುದು ಅಂದರೆ ಹಾಕಿ ಏನು ಬಂತು? ನಿಮ್ಮ ಮನೆಯಲ್ಲಿ ಹೇಗಿದೆ? ಇಲ್ಲಿ ಮೇಷ್ಟ್ರುಗಳು ಇದ್ದರೆ ದಯವಿಟ್ಟು ಹೇಳಿ.


ಕಾಫಿಪುಡಿ

ನನ್ನ ಉತ್ತರ ಸಿಂಪಲ್. ಬೇಡ. ಮಾರ್ಕ್ಸ್ ಅಂಟಿಸಿದ ಯಾವ ಪುಸ್ತಕವೂ ಬದುಕೋದಿಲ್ಲ. ನನಗೆ ಹೈಸ್ಕೂಲಿನಲ್ಲಿ ಕನ್ನಡ ಪಠ್ಯ ಅಂದರೆ ನಿದ್ದೆ. ಅದೇ ವರ್ಷ ನಮ್ಮ ಬೀದಿಯ ಬಾಡಿಗೆ ಲೈಬ್ರರಿಯಿಂದ ಪತ್ತೇದಾರಿ ಕಾದಂಬರಿಗಳನ್ನು ತಂದು ರಾತ್ರಿ ಟಾರ್ಚ್ ಹಿಡಿದು ಓದುತ್ತಿದ್ದೆ. ಯಾರೂ ಹೇಳಿರಲಿಲ್ಲ, ಯಾರಾದರೂ ನೋಡಿದರೆ ಬೈತಾ ಇದ್ದರು, ಅದಕ್ಕೇ ಓದಿದೆ. ಆಮೇಲೆ ಕಾರಂತ, ಅನಂತಮೂರ್ತಿ ಎಲ್ಲಾ ತಾನಾಗಿ ಬಂದರು. ಪಠ್ಯದಿಂದ ಬಂದವರು ಯಾರೂ ಇಲ್ಲ.

ಮಕ್ಕಳಿಗೆ ಒಳ್ಳೆ ಲೈಬ್ರರಿ ಕೊಡಿ, ಬಿಟ್ಟುಬಿಡಿ. ಅಷ್ಟೇ.


ಹಾವೇರಿ ಮೇಷ್ಟ್ರು

ಕಾಫಿಪುಡಿಯವರೇ, ನಿಮ್ಮ ಬೀದಿಯಲ್ಲಿ ಬಾಡಿಗೆ ಲೈಬ್ರರಿ ಇತ್ತು. ನನ್ನ ವಿದ್ಯಾರ್ಥಿಗಳ ಬೀದಿಯಲ್ಲಿ ಇಲ್ಲ. ಮಾತು ಇಲ್ಲಿಂದ ಶುರುವಾಗಬೇಕು ಅನಿಸುತ್ತೆ.

ನಾನು ಹಾವೇರಿ ಜಿಲ್ಲೆಯ ಒಂದು ಪಿಯು ಕಾಲೇಜಿನಲ್ಲಿ ಕನ್ನಡ ಹೇಳಿಕೊಡುತ್ತೇನೆ. ಬರುವ ಮಕ್ಕಳಲ್ಲಿ ಅರ್ಧಕ್ಕಿಂತ ಜಾಸ್ತಿ ಜನರ ಮನೆಯಲ್ಲಿ ಪಠ್ಯಪುಸ್ತಕ, ಗೋಡೆಯ ಕ್ಯಾಲೆಂಡರ್ ಬಿಟ್ಟರೆ ಅಚ್ಚಾದ ಕಾಗದ ಅಂತ ಇರುವುದಿಲ್ಲ. ಕೆಲವರು ಬೆಳಿಗ್ಗೆ ಹಾಲು ಹಾಕಿ ಬರುತ್ತಾರೆ, ಸೀಸನ್ ಬಂದರೆ ಮೆಣಸಿನಕಾಯಿ ಬಿಡಿಸಲು ಹೋಗಿ ವಾರಗಟ್ಟಲೆ ಕಾಣಿಸುವುದೇ ಇಲ್ಲ. ಇವರಿಗೆ ತೇಜಸ್ವಿ ಸಿಗುವ ಜಾಗ ಇಡೀ ಆಯುಷ್ಯದಲ್ಲಿ ಒಂದೇ, ನನ್ನ ಕ್ಲಾಸು. ಕಡ್ಡಾಯ ತೆಗೆದುಬಿಟ್ಟರೆ ತುಮಕೂರಿನ ಮೇಡಂ ಮಗಳಿಗೆ ನಷ್ಟ ಇಲ್ಲ, ಅವಳ ಅಮ್ಮನ ಹತ್ತಿರ ಪುಸ್ತಕ ಇದೆ. ನಷ್ಟ ನಮ್ಮ ಹುಡುಗರಿಗೆ.

ಕ್ಲಾಸಿನಲ್ಲಿ ಆ ಕಥೆಯನ್ನು ನಾನು ವಿವರಿಸುವುದಿಲ್ಲ, ಜೋರಾಗಿ ಓದುತ್ತೇನೆ. ತಿಪ್ಪಣ್ಣನಿಗೂ ಫಾರೆಸ್ಟ್ ಇಲಾಖೆಯ ನಾಗರಾಜನಿಗೂ ಮರದ ಕೊಂಬೆ ಮತ್ತು ಕರೆಂಟ್ ತಂತಿಯ ವಿಷಯಕ್ಕೆ ಜಗಳ ಹತ್ತುವ ಭಾಗ ಬಂದಾಗ ಹಿಂದಿನ ಬೆಂಚಿನವರು ಎದ್ದು ಕೂರುತ್ತಾರೆ. ಯಾಕಂದರೆ ಲೈನ್‌ಮನ್ ಅವರಿಗೆ ಗೊತ್ತು. ಪಂಪ್‌ಸೆಟ್ಟಿಗೆ ಕರೆಂಟು ಯಾವಾಗ ಬರುತ್ತದೆ ಅಂತ ಕೇಳಲು ಅವನ ಹಿಂದೆ ಅಲೆದವರು ಅವರು. "ಸರ್, ನಮ್ಮೂರಾಗೂ ಹಿಂಗ ಐತ್ರಿ, ಇಬ್ರೂ ಒಬ್ರ ಮ್ಯಾಲೊಬ್ರು ಹಾಕ್ತಾರ" ಅಂತ ಒಬ್ಬ ಶುರು ಮಾಡಿದರೆ ಆ ಪೀರಿಯಡ್ ಮುಗಿದಂತೆ. ರಸ್ತೆಗೆ ಮರ ಬಿದ್ದರೂ ಆನೆ, ತಂತಿ ಹರಿದರೂ ಆನೆ ಅಂತ ಊರು ಆಡುತ್ತದಲ್ಲ, ಅದು ಅವರಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ನನಗಿಂತ ಚೆನ್ನಾಗಿ ಅರ್ಥ ಮಾಡಿಕೊಳ್ಳುತ್ತಾರೆ.

ಆದರೆ ಇದು ಜೂನ್‌ನಿಂದ ನವೆಂಬರ್‌ವರೆಗಿನ ಮಾತು. ಡಿಸೆಂಬರ್ ಬಂದರೆ ಪೋರ್ಷನ್ ಮುಗಿಸಬೇಕು. ಆಮೇಲೆ ರಿವಿಷನ್, ಪ್ರಿಪರೇಟರಿ. ಫೇಲಾಗಬಹುದಾದವರಿಗೆ 'ಪಾಸಿಂಗ್ ಪ್ಯಾಕೇಜ್' ಅಂತ ಒಂದು ಕಟ್ಟು ತಯಾರಾಗುತ್ತದೆ. ನಾನೇ ತಯಾರಿಸುತ್ತೇನೆ. ಅದರಲ್ಲಿ ಆನೆ ಬರೀ ಒಂದು ವಾಕ್ಯದ ಉತ್ತರ.


ನೀಲಿಪೆನ್ನು

ನಾನು ಈಗ ಡಿಗ್ರಿ ಫಸ್ಟ್ ಇಯರ್, ಅಂದರೆ ಇದೆಲ್ಲಾ ನನಗೆ ಇನ್ನೂ ಬಿಸಿ ಬಿಸಿ. ಓದದೆ ಮಾರ್ಕ್ಸ್ ತೆಗೆಯೋದು ಹೇಗೆ ಅಂತ ದೊಡ್ಡವರಿಗೆ ಗೊತ್ತಿಲ್ಲ ಅನಿಸುತ್ತೆ, ಹೇಳ್ತೀನಿ.

'ಸಂದರ್ಭದೊಡನೆ ವಿವರಿಸಿ' ಅಂತ ಮೂರು ಮಾರ್ಕಿನ ಪ್ರಶ್ನೆ ಬರುತ್ತೆ. ಯಾರೋ ಹೇಳಿದ ಒಂದು ಸಾಲು ಕೊಟ್ಟಿರ್ತಾರೆ. ಉತ್ತರಕ್ಕೆ ಮೂರು ಹೆಡ್ಡಿಂಗ್ ಹಾಕಬೇಕು. ಆಯ್ಕೆ, ಸಂದರ್ಭ, ಸ್ವಾರಸ್ಯ. ಮೂರಕ್ಕೂ ಸ್ಕೇಲ್ ಇಟ್ಟು ಅಂಡರ್‌ಲೈನ್ ಎಳೆಯಬೇಕು. ಆಯ್ಕೆಯಲ್ಲಿ "ಪ್ರಸ್ತುತ ಈ ವಾಕ್ಯವನ್ನು ಇಂಥವರು ಬರೆದಿರುವ ಇಂಥ ಪಾಠದಿಂದ ಆರಿಸಿಕೊಳ್ಳಲಾಗಿದೆ" ಅಂತ ಬರೆದರೆ ಒಂದು ಮಾರ್ಕು ಬಂತು. ಸಂದರ್ಭದಲ್ಲಿ ಯಾರು ಯಾರಿಗೆ ಹೇಳಿದರು ಅಂತ ಬರೆದರೆ ಸಾಕು, ಅದು ಗೈಡ್‌ನಲ್ಲಿ ಇರುತ್ತೆ. ಮಜಾ ಇರೋದು ಸ್ವಾರಸ್ಯದಲ್ಲಿ. "ಮಾತಿನಲ್ಲಿ ಪಾತ್ರದ ಮನಸ್ಥಿತಿಯು ಸ್ವಾರಸ್ಯಪೂರ್ಣವಾಗಿ ಮೂಡಿಬಂದಿದೆ." ಈ ಒಂದೇ ಸಾಲನ್ನು ನಾನು ಶಬರಿಗೂ ಬರೆದಿದ್ದೇನೆ, ದುರ್ಯೋಧನನಿಗೂ ಬರೆದಿದ್ದೇನೆ. ಇಬ್ಬರಿಗೂ ಮಾರ್ಕ್ಸ್ ಬಂದಿದೆ 😄

ಎಸ್ಸೆಸ್ಸೆಲ್ಸಿಯಲ್ಲಿ ಪ್ರಥಮ ಭಾಷೆ ಕನ್ನಡಕ್ಕೆ 125 ಮಾರ್ಕ್ಸ್. ನನಗೆ 121 ಬಂದಿತ್ತು. ಆ ವರ್ಷ ಪಠ್ಯ ಬಿಟ್ಟು ನಾನು ಓದಿದ ಕನ್ನಡ ಪುಸ್ತಕ, ಸೊನ್ನೆ.

ಒಂದೇ ಒಂದು ಪಾಠ ನಿಜವಾಗಿ ನೆನಪಿದೆ. ಸಾರಾ ಅಬೂಬಕ್ಕರ್ ಅವರ 'ಯುದ್ಧ'. ಡಾಕ್ಟರ್ ರಾಹಿಲ, ಗಾಯ ಆಗಿದೆ, ಗಡಿ ಎಲ್ಲಿದೆ ಅಂತ ಗೊತ್ತಿಲ್ಲ, ಎಲ್ಲಾ ಕತ್ತಲೆ, ಒಂದು ಮನೆ ಬಾಗಿಲು ತಟ್ಟುತ್ತಾನೆ. ಒಳಗೆ ಮುದುಕಿ, ಹೆರಿಗೆ ನೋವಿನಲ್ಲಿ ಸೊಸೆ. ಅದನ್ನು ನಾನು ಪರೀಕ್ಷೆಗೆ ಅಂತಲೇ ಓದಿದ್ದು. ಓದು ಅಂತ ಯಾರೂ ತಲೆ ಮೇಲೆ ಕೂರದಿದ್ದರೆ ಖಂಡಿತ ಓದ್ತಿರಲಿಲ್ಲ. ಹಾಗಾಗಿ ಕಡ್ಡಾಯ ಬೇಡ ಅನ್ನೋಕೆ ನನಗೆ ಬಾಯಿ ಬರೋದಿಲ್ಲ.


ಬಯಲುಸೀಮೆ

ನಮ್ಮ ಕಾಲದ ಮಾತು ಹೇಳಿದರೆ ಇಲ್ಲಿನ ಹುಡುಗರು ನಗಬಹುದು, ನಗಲಿ. ನಮಗೆ ಕಂಠಪಾಠ ಬರದಿದ್ದರೆ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದರು. ಕುಮಾರವ್ಯಾಸನ ಆ ಪದ್ಯ, ಕೃಷ್ಣ ಕರ್ಣನನ್ನು ರಥಕ್ಕೆ ಕರೆದು ಕೂರಿಸಿಕೊಂಡು ಹುಟ್ಟಿನ ಗುಟ್ಟು ಹೇಳುವುದು:

"ಇನತನೂಜನ ಕೂಡೆ ಮೈದುನ
ತನದ ಸರಸವನೆಸಗಿ ರಥದೊಳು
ದನುಜರಿಪು ಬರಸೆಳೆದು ಕುಳ್ಳಿರಿಸಿದನು ಪೀಠದಲಿ"

ಆಗ ಇದರ ಅರ್ಥ ಯಾರಿಗೆ ಬೇಕಿತ್ತು? ಮೂರು ನಾಲ್ಕು ಮೂರು ನಾಲ್ಕು ಅಂತ ಮಾತ್ರೆ ಎಣಿಸಿ ಗಣ ಹಾಕಿದೆವು. 'ಇನತ', 'ನೂಜನ' ಅಂತ ಕತ್ತರಿಸಿ ಗೆರೆ ಎಳೆದು, ಅವು ಎರಡು ಬೇರೆ ಬೇರೆ ಪದ ಅಂತಲೇ ನಮ್ಮ ಕ್ಲಾಸಿನ ಅರ್ಧ ಜನ ನಂಬಿದ್ದರು. ಈಗ ಅರವತ್ತು ದಾಟಿದೆ. ರಾತ್ರಿ ಹೊಲಕ್ಕೆ ನೀರು ಕಟ್ಟುವಾಗ ಅದೇ ಪದ್ಯ ಬಾಯಿಗೆ ಬರುತ್ತದೆ, ಈಗ ಅರ್ಥವಾಗುತ್ತದೆ. ಸೂರ್ಯನ ಮಗನ ಹತ್ತಿರ ಬಾವ ಮೈದುನರ ಸಲುಗೆ ತೋರಿಸಿ ಎಳೆದು ಕೂರಿಸಿಕೊಂಡನಲ್ಲ, ಎಂಥಾ ಆಸಾಮಿ ಈ ಕೃಷ್ಣ ಅಂತ. ಹದಿನೈದನೇ ವಯಸ್ಸಿನಲ್ಲಿ ಇಷ್ಟ ಇದೆಯಾ ಅಂತ ನನ್ನನ್ನು ಕೇಳಿದ್ದರೆ ಇಲ್ಲ ಅಂತಲೇ ಹೇಳುತ್ತಿದ್ದೆ. ಕೇಳಲಿಲ್ಲ, ಒಳ್ಳೆಯದಾಯಿತು.


ಕಾಫಿಪುಡಿ

ಯಜಮಾನ್ರೇ, ನೀವು ಬರೆದದ್ದು ಓದಿ ಖುಷಿಯಾಯಿತು. ಆದರೆ ನಿಮ್ಮ ಜೊತೆ ಬೆಂಚಿನ ಮೇಲೆ ನಿಂತವರಲ್ಲಿ ಎಷ್ಟು ಜನ ಈಗ ನೀರು ಕಟ್ಟುತ್ತಾ ಕುಮಾರವ್ಯಾಸ ಹಾಡುತ್ತಾರೆ? ಉಳಿದವರು ಇಲ್ಲಿ ಬಂದು ಬರೆಯುವುದಿಲ್ಲ. ಪುಸ್ತಕ ಇಷ್ಟ ಇರೋರು ಮಾತ್ರ ಇಂಥ ಚರ್ಚೆಗೆ ಬರೋದು. ಎಲ್ಲರಿಗೂ ಒಳ್ಳೆಯದಾಯಿತು ಅಂತ ನಾವು ನಾವೇ ತೀರ್ಮಾನ ಮಾಡಿಕೊಂಡರೆ ಹೇಗೆ?


ಬಯಲುಸೀಮೆ

ಅದು ಸರಿಯಾದ ಮಾತೇ. ಹಾಡುವವರು ಕಡಿಮೆ. ಆದರೆ ನಮ್ಮೂರಲ್ಲಿ ಗಮಕ, ಅಂದರೆ ಕಾವ್ಯವನ್ನು ರಾಗವಾಗಿ ಓದುವ ಕಾರ್ಯಕ್ರಮ, ಇಟ್ಟಾಗ ಬಂದು ಕೂರುವವರು ಸುಮಾರು ಜನ ಇದ್ದಾರೆ. ಸ್ಕೂಲಿನಲ್ಲಿ ಒಮ್ಮೆ ಕಿವಿಗೆ ಬಿದ್ದಿದ್ದಕ್ಕೇ ಬರೋದು. ಓದೋದು ಬೇರೆ, ಕೇಳಿಸಿಕೊಳ್ಳೋದು ಬೇರೆ, ಎರಡೂ ಲೆಕ್ಕಕ್ಕೆ ಬರಬೇಕಲ್ಲ.


ಕುಂಬಳೆಯವ

ಕಾಸರಗೋಡಿನಿಂದ ಒಂದು ಮಾತು. ಕರ್ನಾಟಕದವರಿಗೆ ಈ ಪ್ರಶ್ನೆ ರುಚಿಯ ವಿಷಯ, ನಮಗೆ ಹಾಗಲ್ಲ. 1956ರಿಂದ ನಾವು ಕೇರಳದಲ್ಲಿದ್ದೇವೆ. ಮನೆಯಲ್ಲಿ ತುಳುವೋ, ಕೊಂಕಣಿಯೋ, ಹವ್ಯಕವೋ ಮಾತಾಡುತ್ತೇವೆ, ಪೇಟೆಯಲ್ಲಿ ಮಲಯಾಳ. ಪುಸ್ತಕದ ಕನ್ನಡ ಸಿಗುವುದು ಕನ್ನಡ ಮಾಧ್ಯಮದ ಶಾಲೆಯಲ್ಲಿ, ಅದೂ ಪಠ್ಯದ ಮೂಲಕ. ಗೋವಿಂದ ಪೈ ಮಂಜೇಶ್ವರದವರು, ಕಯ್ಯಾರ ಕಿಞ್ಞಣ್ಣ ರೈ ಬದಿಯಡ್ಕದ ಹತ್ತಿರದವರು. ಇವರು ನಮ್ಮೂರಿನವರು ಅಂತ ಮಗುವಿಗೆ ಗೊತ್ತಾಗುವುದೇ ಮೇಷ್ಟ್ರು ಪಾಠ ಮಾಡಿದಾಗ. ಕನ್ನಡ ಬಾರದ ಮೇಷ್ಟ್ರನ್ನು ಕನ್ನಡ ಶಾಲೆಗೆ ಹಾಕಿದಾಗ ಮಕ್ಕಳು ಕ್ಲಾಸು ಬಿಟ್ಟು ಪ್ರತಿಭಟನೆ ಮಾಡಿದ್ದನ್ನು ನೀವು ಪೇಪರಿನಲ್ಲಿ ಓದಿರಬಹುದು. 'ಬೇಕಾದರೆ ಓದಲಿ, ಬೇಡವಾದರೆ ಬಿಡಲಿ' ಅಂತ ಇಲ್ಲಿ ಹೇಳಿದರೆ ಹತ್ತು ವರ್ಷದಲ್ಲಿ ಅಂಗಡಿ ಮುಚ್ಚಬೇಕು.


ಡಲ್ಲಾಸ್ ಕನ್ನಡತಿ

ಇಲ್ಲಿನ ವಿಷಯ ಸ್ವಲ್ಪ ಹೇಳ್ತೀನಿ, ಹೋಲಿಕೆಗೆ ಬೇಕಾಗಬಹುದು. ಮಗ ಹೈಸ್ಕೂಲ್. ಇಂಗ್ಲಿಷ್ ಕ್ಲಾಸಿನಲ್ಲಿ ತುಣುಕುಗಳ ಪಠ್ಯ ಕಡಿಮೆ, ಇಡೀ ಕಾದಂಬರಿ ಕೊಡ್ತಾರೆ. 'ಟು ಕಿಲ್ ಎ ಮಾಕಿಂಗ್‌ಬರ್ಡ್' ಅನ್ನು ವಾರಗಟ್ಟಲೆ ಓದಿಸಿದರು. ಯಾರು ಯಾರಿಗೆ ಹೇಳಿದರು ಅನ್ನೋ ಪ್ರಶ್ನೆ ಇಲ್ಲ. ನಿನಗೆ ಏನನಿಸಿತು ಬರಿ, ಅದಕ್ಕೆ ಪುಸ್ತಕದಿಂದಲೇ ಆಧಾರ ಕೊಡು ಅಂತಾರೆ. ಬೇಸಿಗೆ ರಜಕ್ಕೆ ಒಂದು ಪಟ್ಟಿ ಕೊಟ್ಟು ಅದರಲ್ಲಿ ಬೇಕಾದ್ದು ಆರಿಸಿಕೋ ಅಂತಾರೆ. ಈ ಆರಿಸಿಕೊಳ್ಳೋದು ನನಗೆ ತುಂಬಾ ಇಷ್ಟ ಆಯ್ತು.

ಹಾಗಂತ ಇದು ಸ್ವರ್ಗ ಅಂದ್ಕೋಬೇಡಿ. ಇಲ್ಲೂ ಗೈಡ್ ಇದೆ, ಸ್ಪಾರ್ಕ್‌ನೋಟ್ಸ್ ಅಂತ, ಆನ್‌ಲೈನ್‌ನಲ್ಲಿ ಪುಕ್ಕಟೆ. ಅಧ್ಯಾಯಕ್ಕೊಂದು ಸಾರಾಂಶ. ಮಗನ ಗೆಳೆಯರು ಅದನ್ನೇ ಓದಿ ಪ್ರಬಂಧ ಬರೀತಾರೆ, ಈಗಂತೂ ಅದನ್ನೂ ಎಐ ಬರೆದುಕೊಡುತ್ತೆ. ಮತ್ತೆ ಯಾವ ಪುಸ್ತಕ ಇರಬೇಕು, ಯಾವುದು ತೆಗೀಬೇಕು ಅಂತ ಸ್ಕೂಲ್ ಬೋರ್ಡ್ ಮೀಟಿಂಗ್‌ನಲ್ಲಿ ಅಪ್ಪ ಅಮ್ಮಂದಿರ ಜಗಳ ನೋಡಬೇಕು ನೀವು.


ನೇರಮಾತು

ಜಗಳಕ್ಕೆ ಅಮೆರಿಕಾಗೆ ಯಾಕೆ ಹೋಗಬೇಕು? ನಮ್ಮಲ್ಲೇ ಶಾಲೆಯ ಪಠ್ಯಪುಸ್ತಕ ಪರಿಷ್ಕರಣೆಗೆ ಅಂತ ಬರಗೂರು ಸಮಿತಿ ಮಾಡಿದ್ದನ್ನು ಆಮೇಲೆ ಬಂದ ಚಕ್ರತೀರ್ಥ ಸಮಿತಿ ಬದಲಿಸಿತು. 2022ರಲ್ಲಿ ದೇವನೂರ ಮಹಾದೇವ ನನ್ನ ಪಾಠ ನಿಮ್ಮ ಪುಸ್ತಕದಲ್ಲಿ ಬೇಡ ಅಂತ ಅನುಮತಿ ವಾಪಸ್ ಪಡೆದರು. 2023ರಲ್ಲಿ ಸರ್ಕಾರ ಬದಲಾಯಿತು, ಪಾಠಗಳು ಮತ್ತೆ ಬದಲಾದವು. ವರ್ಷಕ್ಕೆ 8 ಲಕ್ಷಕ್ಕಿಂತ ಜಾಸ್ತಿ ಮಕ್ಕಳು ಎಸ್ಸೆಸ್ಸೆಲ್ಸಿ ಬರೀತಾರೆ. ಎಲ್ಲರದ್ದೂ ಪ್ರಥಮ ಭಾಷೆ ಕನ್ನಡ ಅಲ್ಲ, ಆದರೂ ಇಷ್ಟೊಂದು ಜನ ಒಂದೇ ವರ್ಷ ಒಂದೇ ಪುಟ ತೆಗೆಯೋದು ಬೇರೆ ಯಾವ ಪುಸ್ತಕಕ್ಕೂ ಆಗೋದಿಲ್ಲ. ಅದಕ್ಕೇ ಎಲ್ಲರಿಗೂ ಅದರ ಮೇಲೆ ಕಣ್ಣು. ಯಾರು ಆರಿಸುತ್ತಾರೆ ಅನ್ನೋದನ್ನು ಬಿಟ್ಟು ಕಡ್ಡಾಯ ಬೇಕಾ ಬೇಡ್ವಾ ಅಂದರೆ ಅರ್ಧ ಮಾತು ಮಾತ್ರ.


ನಿರ್ವಾಹಕರು

ನೇರಮಾತು ಅವರು ಹೇಳಿದ್ದು ವಿಷಯಕ್ಕೆ ಸಂಬಂಧಿಸಿದ್ದೇ, ಆದರೆ ಪಕ್ಷಗಳ ಜಗಳ ಇಲ್ಲಿ ಬೇಡ. ಆಗಲೇ ಮೂರು ಕಾಮೆಂಟ್ ತೆಗೆದಿದ್ದೇವೆ.


ಸೇಡಂ ಟೀಚರ್

ಎಲ್ಲಾ ಓದಿದೆ. ಎಲ್ಲರೂ ಹೈಸ್ಕೂಲು, ಪಿಯುಸಿ ಬಗ್ಗೆ ಮಾತಾಡ್ತಾ ಇದ್ದೀರಿ. ನಾನು ಕಲಬುರಗಿ ಜಿಲ್ಲೆಯ ಪ್ರೈಮರಿ ಟೀಚರ್. ಐದನೇ ಕ್ಲಾಸಿಗೆ ಬಂದ ಮಕ್ಕಳಲ್ಲಿ ಕೆಲವರು ಇನ್ನೂ ಅಕ್ಷರ ಕೂಡಿಸಿ ಕೂಡಿಸಿ ಓದುತ್ತಾರೆ. ಒಂದು ಸಾಲು ಮುಗಿಯುವುದರಲ್ಲಿ ಸಾಲಿನ ಮೊದಲು ಏನಿತ್ತು ಅನ್ನೋದೇ ಮರೆತಿರುತ್ತೆ. ಇಂಥ ಮಗು ಐದು ವರ್ಷ ಕಳೆದು ಹತ್ತನೇ ಕ್ಲಾಸಿಗೆ ಹೋಗಿ ಪಂಪನ ಹಳಗನ್ನಡದ ಮುಂದೆ ಕೂರುತ್ತೆ. ಮನೆಯಲ್ಲಿ ಲಂಬಾಣಿ, ಉರ್ದು, ತೆಲುಗು. ಅದು ಪಾಸಿಂಗ್ ಪ್ಯಾಕೇಜ್ ಬಾಯಿಪಾಠ ಮಾಡದೆ ಇನ್ನೇನು ಮಾಡಬೇಕ್ರೀ?

ಲೈಬ್ರರಿ ಕೊಡಿ ಅಂದರಲ್ಲ ಕಾಫಿಪುಡಿ ಸರ್, ಅದರ ಕಥೆ ಕೇಳಿ. ನಾನು ಮೊದಲು ಇದ್ದ ಶಾಲೆಯಲ್ಲಿ ಒಳ್ಳೆಯ ಮಕ್ಕಳ ಪುಸ್ತಕಗಳಿದ್ದವು. ಚಿತ್ರ ಇರುವವು, ದಪ್ಪ ಅಕ್ಷರದವು. ಎಲ್ಲಾ ಹೆಡ್‌ಮಾಸ್ಟರ್ ರೂಮಿನ ಬೀರುವಿನಲ್ಲಿ. ಬೀರುವಿಗೆ ಬೀಗ. ಯಾಕೆ ಅಂದರೆ ಸ್ಟಾಕ್ ರಿಜಿಸ್ಟರ್‌ನಲ್ಲಿ ಬರೆದಿರುತ್ತೆ, ತಪಾಸಣೆಗೆ ಬಂದಾಗ ಒಂದು ಕಡಿಮೆಯಾದರೂ ಯಾರು ಹೊಣೆ ಅಂತ ಭಯ. ಮಗು ಪುಸ್ತಕ ಮನೆಗೆ ಒಯ್ದರೆ ತಮ್ಮ ಹರಿಯುತ್ತಾನೆ, ಮೇಕೆ ತಿನ್ನುತ್ತೆ, ಮಳೆಗೆ ನೆನೆಯುತ್ತೆ. ಹಾಗಾಗಿ ಪುಸ್ತಕ ಹೊಚ್ಚ ಹೊಸದಾಗಿಯೇ ಇತ್ತು, ಲೆಕ್ಕ ಪಕ್ಕಾ, ಒಬ್ಬರೂ ಓದಿಲ್ಲ. ಪಠ್ಯಪುಸ್ತಕ ಮಾತ್ರ ಮಗುವಿನದೇ. ಹರಿದರೂ ಕೇಳೋರಿಲ್ಲ. ಅದಕ್ಕೇ ಅದನ್ನೇ ಓದುತ್ತೆ. ರಜದಲ್ಲಿ ಅಕ್ಕನ ಮುಂದಿನ ವರ್ಷದ ಕನ್ನಡ ಪುಸ್ತಕ ತೆಗೆದು ಕಥೆ ಓದುವ ಮಕ್ಕಳನ್ನು ನಾನು ನೋಡಿದ್ದೇನೆ. ಅಲ್ಲಿ ಯಾರೂ ಪ್ರಶ್ನೆ ಕೇಳೋದಿಲ್ಲವಲ್ಲ, ಖುಷಿಯಾಗಿ ಓದ್ತಾವೆ.

ಈಗ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಅರಿವು ಕೇಂದ್ರ ಆಗಿವೆ. 2020ರಲ್ಲಿ 'ಓದುವ ಬೆಳಕು' ಅಂತ ಶುರುವಾದ ಮೇಲೆ ಮಕ್ಕಳಿಗೆ ಮೆಂಬರ್‌ಶಿಪ್ ಪುಕ್ಕಟೆ ಸಿಗುತ್ತೆ. ನಮ್ಮೂರಿನದು ಚೆನ್ನಾಗಿ ನಡೆಯುತ್ತಿದೆ, ಪಕ್ಕದೂರಿನದು ಬಾಗಿಲು ತೆಗೆದದ್ದು ನಾನು ನೋಡಿಲ್ಲ. ಅಲ್ಲಿ ಕೂರುವ ಮನುಷ್ಯ ಹೇಗೆ ಅನ್ನೋದರ ಮೇಲೆ.


ನೀಲಿಪೆನ್ನು

ಟೀಚರ್, ಹಳಗನ್ನಡ ತೆಗೆದುಬಿಡಬೇಕು ಅಂತೀರಾ?


ಸೇಡಂ ಟೀಚರ್

ತೆಗೀಬೇಕು ಅಂತ ಹೇಳಲಿಲ್ಲಮ್ಮ. ಆದರೆ ಓದಲು ಬರದವರಿಗೆ ಅದು ಗೋಡೆ. ಗೋಡೆ ಕೆಡವಿ ಅನ್ನೋದಿಲ್ಲ, ಏಣಿ ಎಲ್ಲಿ ಅಂತ ಕೇಳ್ತಿದ್ದೀನಿ.


ಹಾವೇರಿ ಮೇಷ್ಟ್ರು

ಹಳಗನ್ನಡಕ್ಕೆ ನನ್ನದೊಂದು ಅನುಭವ. ಹೈಸ್ಕೂಲಿನಲ್ಲಿ ಸ್ವಲ್ಪ ದಿನ ಪಾಠ ಮಾಡಿದ್ದೆ. ಪಂಪನ 'ಕೆಮ್ಮನೆ ಮೀಸೆವೊತ್ತೇನೆ' ಇತ್ತು. ಮೊದಲ ದಿನ ಪುಸ್ತಕ ತೆಗೆಸಲೇ ಇಲ್ಲ. ಇಬ್ಬರು ಹುಡುಗರು ಒಂದೇ ಗುರುವಿನ ಹತ್ತಿರ ಕಲಿತರು, ಒಬ್ಬ ರಾಜನ ಮಗ, ಇನ್ನೊಬ್ಬ ಬಡವ. ದೊಡ್ಡವನಾದ ಮೇಲೆ ಬಡವ ಸಹಾಯ ಕೇಳಲು ಬಂದರೆ ರಾಜ "ನೀನು ಯಾರು ಅಂತ ನನಗೆ ಗೊತ್ತೇ ಇಲ್ಲ" ಅಂದ. ಇಷ್ಟು ಹೇಳಿ ನಿಲ್ಲಿಸಿದೆ. ಹಾಗೆ ಅವಮಾನ ಆದದ್ದು ಎಲ್ಲರ ಮನೆಯಲ್ಲೂ ಇದೆ. ಒಬ್ಬೊಬ್ಬರೇ ಹೇಳಲು ಶುರು ಮಾಡಿದರು. ಅಪ್ಪ ಸೊಸೈಟಿ ಸಾಲಕ್ಕೆ ಹೋದಾಗ ಜೊತೆಗೆ ಓದಿದವನೇ ಗುರುತು ಹಿಡಿಯದ ಹಾಗೆ ಮಾಡಿದ್ದು, ಹೀಗೆ. ಆಮೇಲೆ ದ್ರೋಣ ಅಂತಲೋ ದ್ರುಪದ ಅಂತಲೋ ಹೇಳಿದರೆ ಭಾಷೆ ಅಷ್ಟು ಕಷ್ಟ ಅನಿಸಲಿಲ್ಲ. ಎಲ್ಲಾ ಪದ ಅರ್ಥವಾಗಲಿಲ್ಲ, ಸಿಟ್ಟು ಅರ್ಥವಾಯಿತು.

ಇನ್ನು ಡಲ್ಲಾಸ್ ಮೇಡಂ ಹೇಳಿದ ವಿಷಯಕ್ಕೆ ಬರುತ್ತೇನೆ. 'ನಿನಗೆ ಏನನಿಸಿತು ಬರಿ' ಅನ್ನೋ ಪ್ರಶ್ನೆ ನಾವು ಯಾಕೆ ಕೇಳುವುದಿಲ್ಲ ಅಂತ ಎಲ್ಲರೂ ಬೈಯುತ್ತಾರೆ. ವ್ಯಾಲ್ಯುಯೇಷನ್ ಕ್ಯಾಂಪ್ ಒಳಗೆ ಕೂತು ನೋಡಿದರೆ ಬೇರೆಯೇ ಕಾಣುತ್ತದೆ. ಮುಂದೆ ಉತ್ತರ ಪತ್ರಿಕೆಗಳ ಕಟ್ಟು, ಕೈಯಲ್ಲಿ ಸ್ಕೀಮ್. ಈ ಅಂಶ ಇದ್ದರೆ ಒಂದು ಮಾರ್ಕು, ಆ ಅಂಶ ಇದ್ದರೆ ಇನ್ನೊಂದು. ಬಳ್ಳಾರಿಯ ಮಗುವಿನ ಪೇಪರನ್ನು ಶಿವಮೊಗ್ಗದವರು ನೋಡಿದರೂ ಅಷ್ಟೇ ಮಾರ್ಕು ಬರಬೇಕು. ರಿಸಲ್ಟ್ ಬಂದ ಮೇಲೆ ಮಕ್ಕಳು ಸ್ಕ್ಯಾನ್ ಕಾಪಿ ತರಿಸಿ ಮರುಮೌಲ್ಯಮಾಪನಕ್ಕೆ ಹಾಕುತ್ತಾರೆ. ಒಂದು ಮಾರ್ಕಿಗೆ ಎಷ್ಟು ಅಳು ಅಂತ ನಿಮಗೆ ಗೊತ್ತು. 'ಈ ಮಗುವಿನ ಅನಿಸಿಕೆಗೆ ನಾಲ್ಕಕ್ಕೆ ಎರಡೂವರೆ' ಅಂತ ಯಾವ ಧೈರ್ಯದ ಮೇಲೆ ಹಾಕಲಿ?

ಇದಕ್ಕಿಂತ ದೊಡ್ಡದು ಇನ್ನೊಂದಿದೆ. ಅನಿಸಿಕೆ ಕೇಳಿದರೆ ಯಾರು ಚೆನ್ನಾಗಿ ಬರೆಯುತ್ತಾರೆ? ಮನೆಯಲ್ಲಿ ಪುಸ್ತಕದ ಬಗ್ಗೆ ಮಾತಾಡುವ ಅಪ್ಪ ಅಮ್ಮ ಇರುವವರು. ನನ್ನ ಮೆಣಸಿನಕಾಯಿ ಬಿಡಿಸುವ ಹುಡುಗಿಗೆ ಅನಿಸಿಕೆ ಇರುವುದಿಲ್ಲ ಅಂತಲ್ಲ, ಕ್ಲಾಸಿನಲ್ಲಿ ಅವಳು ಹೇಳುವುದನ್ನು ನೀವು ಕೇಳಬೇಕು. ಆದರೆ ಅದನ್ನು ಗ್ರಂಥದ ಕನ್ನಡದಲ್ಲಿ ಎರಡು ಪುಟ ಬರಿ ಅಂದರೆ ಪೆನ್ನು ನಿಲ್ಲುತ್ತದೆ. 'ಆನೆಯ ಹೆಸರೇನು' ಅನ್ನೋ ದಡ್ಡ ಪ್ರಶ್ನೆ ಅವಳನ್ನು ಪಾಸ್ ಮಾಡಿಸುತ್ತದೆ. ಪಾಸಾದರೆ ಡಿಗ್ರಿ, ಫೇಲಾದರೆ ಮದುವೆ. ಹೀಗಾಗಿ ಆ ಪ್ರಶ್ನೆಯನ್ನು ಬೈಯುವಾಗ ನನ್ನ ನಾಲಿಗೆ ಸ್ವಲ್ಪ ತಡವರಿಸುತ್ತದೆ.


ಕಾಫಿಪುಡಿ

ಮೇಷ್ಟ್ರೇ, ಇದು ನಾನು ಯೋಚಿಸಿರದ ಕಡೆಯಿಂದ ಬಂತು. ಆದರೆ ಹಾಗಾದರೆ ಪಾಸ್ ಮಾಡಿಸುವ ಕೆಲಸ ಬೇರೆ, ಓದಿಸುವ ಕೆಲಸ ಬೇರೆ ಅಂತ ಒಪ್ಪಿಕೊಳ್ಳಿ. ಎರಡನ್ನೂ ಒಂದೇ ಪೇಪರಿಗೆ ಕಟ್ಟಿ ಯಾಕೆ ಎರಡನ್ನೂ ಕೆಡಿಸಬೇಕು? ಪಾಸಾಗುವುದಕ್ಕೆ ವ್ಯಾಕರಣ, ಪತ್ರ, ಪ್ರಬಂಧ ಇಟ್ಟುಕೊಳ್ಳಿ. ಕಥೆಯನ್ನು ಓದಿಸಿ, ಪರೀಕ್ಷೆ ಬೇಡ.


ಹಾವೇರಿ ಮೇಷ್ಟ್ರು

ಪರೀಕ್ಷೆಗೆ ಇಲ್ಲ ಅಂದರೆ ಕ್ಲಾಸಿಗೂ ಇಲ್ಲ ಸ್ವಾಮಿ. "ಸರ್ ಇದು ಎಕ್ಸಾಮಿಗೆ ಬರ್ತೈತೇನ್ರಿ?" ಮೊದಲ ಪ್ರಶ್ನೆ ಅದು. ಇಲ್ಲ ಅಂದರೆ ಪುಸ್ತಕ ಮುಚ್ಚುತ್ತಾರೆ. ಅವರೊಬ್ಬರೇ ಅಲ್ಲ, ಪ್ರಿನ್ಸಿಪಾಲರೂ ಬಂದು ಆ ಪೀರಿಯಡ್ ಫಿಸಿಕ್ಸಿಗೆ ಕೊಡಿ ಅನ್ನುತ್ತಾರೆ. ಕಡ್ಡಾಯ ಅನ್ನೋದು ಮಕ್ಕಳನ್ನು ಕಟ್ಟಿಹಾಕುವುದಕ್ಕಿಂತ ಜಾಸ್ತಿ ಆ ಪೀರಿಯಡ್ಡನ್ನು ಕಾಪಾಡುವುದಕ್ಕೆ.

ಒಂದು ದಾರಿ ಇದೆ ಅನಿಸುತ್ತಿದೆ. 2023-24ರಿಂದ ಪಿಯುಸಿಯಲ್ಲಿ ಭಾಷೆಗಳಿಗೆ 80 ಲಿಖಿತ, 20 ಆಂತರಿಕ ಅಂಕ ಆಗಿದೆ. ಆಂತರಿಕದಲ್ಲಿ ಪ್ರಾಜೆಕ್ಟಿಗೂ ಒಂದು ಪಾಲು ಇದೆ. ಎಲ್ಲರೂ ಮಾಡುವುದು ಚಾರ್ಟ್ ಪೇಪರ್, ಕವಿಯ ಫೋಟೋ ಅಂಟಿಸುವುದು, ಇಂಟರ್‌ನೆಟ್‌ನಿಂದ ನಕಲು. ನಾನು ಈ ಸಲ ಅದನ್ನು ಬಿಟ್ಟು, ಒಂದು ಪುಸ್ತಕ ಆರಿಸಿ ಓದು, ನನ್ನ ಮುಂದೆ ಕೂತು ಹತ್ತು ನಿಮಿಷ ನಿನ್ನ ಮಾತಿನಲ್ಲೇ ಹೇಳು ಅಂದಿದ್ದೇನೆ. ಬರೆಯುವ ಹಾಗಿಲ್ಲ. ಮಾತಾಡಿದರೆ ಓದಿದ್ದಾರಾ ಇಲ್ಲವಾ ಎರಡು ನಿಮಿಷಕ್ಕೆ ಗೊತ್ತಾಗುತ್ತದೆ, ಎಐ ಬಂದು ಮಾತಾಡುವುದಿಲ್ಲ. ತೊಂದರೆ ಏನು ಅಂದರೆ ಎರಡು ಸೆಕ್ಷನ್‌ಗೆ ಹತ್ತು ಹತ್ತು ನಿಮಿಷ ಅಂದರೆ ತಿಂಗಳು ಹಿಡಿಯುತ್ತದೆ. ಊಟದ ಬಿಡುವಿನಲ್ಲಿ, ಸಂಜೆ ಬಸ್ಸು ಬರುವವರೆಗೆ ಕೂರಿಸಿಕೊಂಡು ಮಾಡುತ್ತಿದ್ದೇನೆ. ಎಲ್ಲಾ ಮೇಷ್ಟ್ರೂ ಹೀಗೆ ಮಾಡಿ ಅನ್ನೋಕೆ ನನಗೆ ಮುಖ ಇಲ್ಲ, ಅತಿಥಿ ಉಪನ್ಯಾಸಕರಿಗೆ ಸಂಬಳ ಬರುವುದೇ ಕಷ್ಟ.


ತುಮಕೂರಿನ ಅಮ್ಮ

ಎಲ್ಲರ ಉತ್ತರಕ್ಕೂ ಥ್ಯಾಂಕ್ಸ್. ನಾನು ಭಾನುವಾರ ಸಂಜೆ ಬಟ್ಟೆ ಮಡಚುತ್ತಾ ಕಥೆಯನ್ನು ಜೋರಾಗಿ ಓದಿದೆ. ಓದು ಅಂತ ಅವಳಿಗೆ ಹೇಳಲೇ ಇಲ್ಲ. ಮೊದಲು ಇಯರ್‌ಫೋನ್ ಇತ್ತು, ಆಮೇಲೆ ತೆಗೆದಳು. ನಾನು ನಕ್ಕ ಜಾಗದಲ್ಲಿ ಅವಳು ನಗಲಿಲ್ಲ. ತಿಪ್ಪಣ್ಣ ಕಂಬದ ಮೇಲೆ ಸತ್ತದ್ದನ್ನು ಕೇಳಿ, "ಇದರಲ್ಲಿ ಕಾಮಿಡಿ ಏನಿದೆ? ಒಬ್ಬ ಮನುಷ್ಯ ಸತ್ತರೂ ಊರಿನವರು ಆನೆ ಬಗ್ಗೆನೇ ಮಾತಾಡ್ತಾರಲ್ಲ" ಅಂದಳು. ನಮ್ಮಿಬ್ಬರಿಗೂ ವಾದ ಆಯ್ತು. ಈ ವಾದಕ್ಕೆ ಆ ಜೆರಾಕ್ಸ್ ಹಾಳೆಯಲ್ಲಿ ಜಾಗ ಇಲ್ಲ ಬಿಡಿ. ಇನ್ನೊಂದು ಭಾಗ ಬಾಕಿ ಇದೆ, ಈ ವಾರ ಟೆಸ್ಟ್ ಇರೋದರಿಂದ ನಿಂತಿದೆ.


ನೇರಮಾತು

ಮೇಷ್ಟ್ರೇ, ನಿಮ್ಮ ಆ ಪ್ರಾಜೆಕ್ಟಿಗೆ ಪಟ್ಟಿ ನೀವೇ ಕೊಡ್ತೀರಾ, ಮಕ್ಕಳೇ ತರ್ತಾರಾ?


ಹಾವೇರಿ ಮೇಷ್ಟ್ರು

ಮಕ್ಕಳೇ ತಂದರೂ ಸರಿ ಅಂದಿದ್ದೆ. ಒಬ್ಬ ಕುರಿ ಸಾಕಾಣಿಕೆ ಕೈಪಿಡಿ ತಂದ. ಓದಿದ್ದ, ಚೆನ್ನಾಗಿ ಹೇಳಿದ, ಪೂರ್ತಿ ಮಾರ್ಕು ಹಾಕಿದೆ. ಏನೂ ಸಿಗದವರಿಗೆ ಪಟ್ಟಿ ಬೇಕು. ನೂರೈವತ್ತು ಪುಟದ ಒಳಗೆ, ತಾಲ್ಲೂಕು ಲೈಬ್ರರಿಯಲ್ಲಿ ಸಿಗುವಂಥದ್ದು. ಹೇಳಿ, ಎಲ್ಲರೂ ಸೇರಿಸಿ.


ಬಯಲುಸೀಮೆ

ಸಿದ್ಧಲಿಂಗಯ್ಯನವರ 'ಊರುಕೇರಿ'. ತೆಳ್ಳಗಿದೆ, ನಗಿಸುತ್ತದೆ, ನಗುತ್ತಲೇ ಚುಚ್ಚುತ್ತದೆ.


ಕುಂಬಳೆಯವ

ಕಾರಂತರ 'ಚೋಮನ ದುಡಿ'. ನಮ್ಮ ಕಡೆಯ ಬದುಕು. ಸಣ್ಣದು, ಮಕ್ಕಳು ಹೆದರುವುದಿಲ್ಲ.


ನೀಲಿಪೆನ್ನು

ತೇಜಸ್ವಿಯವರದ್ದೇ 'ಕರ್ವಾಲೊ'. ನೂರೈವತ್ತರ ಒಳಗೆ ಬರುತ್ತಾ ನೋಡಬೇಕು. ಪಟ್ಟಿಯಲ್ಲಿ ಇರಲಿ ಸರ್, ಆದರೆ ಬೋರ್ಡ್‌ನವರಿಗೆ ಹೇಳಬೇಡಿ, ಅದಕ್ಕೂ ಆಯ್ಕೆ ಸಂದರ್ಭ ಸ್ವಾರಸ್ಯ ಶುರು ಮಾಡಿಬಿಡ್ತಾರೆ.


ಸೇಡಂ ಟೀಚರ್

ಕಥಾಸಂಕಲನ ಜಾಸ್ತಿ ಹಾಕಿ ಮೇಷ್ಟ್ರೇ. ಕಾದಂಬರಿ ಅಂದರೆ ಅರ್ಧಕ್ಕೆ ಬಿಡುತ್ತಾರೆ, ಒಂದು ಕಥೆಯಾದರೆ ಬಸ್ಸಿನಲ್ಲಿ ಮುಗಿಯುತ್ತೆ. ಓದೋಕೆ ಕಷ್ಟಪಡುವವರಿಗೆ ಸಂಕಲನದಲ್ಲಿ ಒಂದೇ ಕಥೆ ಓದಿದರೂ ಮಾರ್ಕ್ಸ್ ಕೊಡಿ.